ಇಸ್ತ್ರಿಯ ಏಳು ನಿಮಿಷ

ಇಪ್ಪತ್ತೆಂಟು ವರ್ಷ ಒಬಿಡಿಯಾ ಸಿನಿಮಾಗಳಲ್ಲಿ ಕಿರುಚಿದ್ದಳು. ಸೊಸೆಯ ಸಾರಿಗೆ ವಿಷ ಬೆರೆಸಿದ್ದಳು, ಮೊಮ್ಮಗನನ್ನು ಮಾಟಗಾರನಿಗೆ ಒಪ್ಪಿಸಿದ್ದಳು, ಮಗನ ಮದುವೆಯ ಚಪ್ಪರದ ನಡುವೆ ಮಣ್ಣಿನಲ್ಲಿ ಹೊರಳಾಡಿದ್ದಳು. ಸಿನಿಮಾ ತೆಗೆಯುವ ಊರಾದ ಅಸಾಬಾದಲ್ಲಿ ಕೆಟ್ಟ ಅತ್ತೆಯ ಪಾತ್ರ ಎಂದರೆ ಎಲ್ಲರ ಬಾಯಲ್ಲಿ ಮೊದಲು ಬರುತ್ತಿದ್ದುದು ಅವಳ ಹೆಸರು. ಹೆಸರೂ ಅಲ್ಲ, 'ಮೆಣಸಿನಕಾಯಿ ಮಮ್ಮಿ' ಎಂಬ ಅಡ್ಡಹೆಸರು. ಮಾರುಕಟ್ಟೆಯಲ್ಲಿ ಟೊಮೆಟೊ ಮಾರುವವಳು, "ನಿನಗೆ ಕೊಡಲ್ಲ ಹೋಗು. ಆ ಬಡಪಾಯಿ ಹುಡುಗೀನ ಹಾಗಾ ಹೊಡೆಯೋದು?" ಎಂದು ಬುಟ್ಟಿಗೆ ಬಟ್ಟೆ ಮುಚ್ಚಿಬಿಡುತ್ತಿದ್ದಳು. ಅದು ತಮಾಷೆಯೋ ನಿಜವೋ ಎಂದು ಒಬಿಡಿಯಾಗೆ ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ. ನಕ್ಕು ಬೇರೆ ಕಡೆ ಕೊಳ್ಳುತ್ತಿದ್ದಳು.

ಕೆನೆಚಿ ಎಂಬ ಎಳೆಯ ನಿರ್ದೇಶಕ ಚಿತ್ರಕಥೆ ಹಿಡಿದು ಮನೆಗೆ ಬಂದಾಗ ಅವಳಿಗೆ ಅರವತ್ತೆರಡು. ತಂಗಿ ಉಜುವಿನ ಜೊತೆ ಜಗಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದವಳು ಹಾಳೆಗಳನ್ನು ಮುಂದಕ್ಕೂ ಹಿಂದಕ್ಕೂ ತಿರುವಿದಳು.

"ಇದರಲ್ಲಿ ನನಗೆ ಮಾತೇ ಇಲ್ಲವಲ್ಲಪ್ಪ."

"ಇಲ್ಲ ಮಮ್ಮಿ. ನೀವೇ ನಾಯಕಿ."

"ಬೆಳಿಗ್ಗೆಬೆಳಿಗ್ಗೆನೇ ಹೆಂಡ ಕುಡಿದು ಬಂದಿದೀಯಾ?"

ಅವನು ನಗಲಿಲ್ಲ. ಕಥೆ ಹೇಳಿದ. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಸತ್ತಿದ್ದಾನೆ. ಮಣ್ಣು ಮಾಡುವ ಮೊದಲಿನ ಮೂರು ದಿನಗಳಲ್ಲಿ ಅವನಿಗೆ ಇನ್ನೊಂದು ಸಂಸಾರ ಇತ್ತೆಂದು ಹೆಂಡತಿಗೆ ಗೊತ್ತಾಗುತ್ತದೆ. ಅವಳು ಯಾರಿಗೂ ಏನೂ ಹೇಳುವುದಿಲ್ಲ. ಅಷ್ಟೇ ಕಥೆ.

ಮೊದಲ ದಿನ ಒಬಿಡಿಯಾಗೆ ಸುಮ್ಮನಿರಲು ಆಗಲಿಲ್ಲ. ಕ್ಯಾಮೆರಾ ಎದುರಾದ ಕೂಡಲೇ ಕೈ ಸೊಂಟಕ್ಕೆ ಹೋಗುತ್ತಿತ್ತು, ಗಂಟಲು ತಾನಾಗಿ ಏರುತ್ತಿತ್ತು. ಆರನೇ ಸಲವೂ ಕೆಟ್ಟಾಗ ಕೆನೆಚಿ ಹತ್ತಿರ ಬಂದು, "ಒಳಗಿರೋದನ್ನೆಲ್ಲ ಒಂದ್ಸಲ ಕಕ್ಕಿಬಿಡಿ ಮಮ್ಮಿ. ಕ್ಯಾಮೆರಾ ಓಡ್ತಾ ಇರಲಿ. ಇದು ಸಿನಿಮಾದಲ್ಲಿ ಬರಲ್ಲ" ಎಂದ. ಅವಳು ಹನ್ನೊಂದು ನಿಮಿಷ ಶವಪೆಟ್ಟಿಗೆಯ ಮುಂದೆ ಅರಚಿದಳು. ತಲೆಗೆ ಕಟ್ಟಿದ ಬಟ್ಟೆ ಕಿತ್ತೆಸೆದಳು, ಕುರ್ಚಿ ಒದ್ದಳು, ಗಂಡನ ಏಳು ತಲೆಮಾರನ್ನು ಬೈದಳು. ಆಮೇಲೆ ಸುಸ್ತಾಗಿ ನೆಲದ ಮೇಲೆ ಕೂತಳು. ಮುಂದಿನ ಹದಿಮೂರು ದಿನ ಅವಳೊಳಗೆ ಒಂದು ಮೌನ ಇತ್ತು. ಅದು ಅವಳಿಗೇ ಹೊಸದು.

ಹತ್ತನೇ ದಿನ ಇಸ್ತ್ರಿಯ ದೃಶ್ಯ. ಹೆಣಕ್ಕೆ ಉಡಿಸಬೇಕಾದ ಬಿಳಿ ನಿಲುವಂಗಿಗೆ ಹೆಂಡತಿ ಕೆಂಡದ ಪೆಟ್ಟಿಗೆಯಿಂದ ಇಸ್ತ್ರಿ ಹಾಕುತ್ತಿದ್ದಾಳೆ. ಜೇಬಿನಲ್ಲಿ ಒಂದು ಫೋಟೊ ಸಿಗುತ್ತದೆ. ಯಾರೋ ಪುಟ್ಟ ಹುಡುಗಿ, ಗಂಡನದೇ ಮೂಗು. ಅದನ್ನು ನೋಡಿ, ಮತ್ತೆ ಜೇಬಿನಲ್ಲಿಟ್ಟು, ಜೇಬಿನ ಮೇಲೂ ಇಸ್ತ್ರಿ ಎಳೆದು, ಅಂಗಿ ಮಡಚಬೇಕು. ಏಳು ನಿಮಿಷ, ಎಲ್ಲೂ ನಿಲ್ಲಿಸದೆ ಒಂದೇ ಓಟ. ಒಬಿಡಿಯಾ ಮಾಡುವಾಗ ಏನೂ ಯೋಚಿಸಲಿಲ್ಲ. ಮುಗಿದ ಮೇಲೆ 'ಕಟ್' ಎನ್ನಲು ಕೆನೆಚಿಗೆ ನೆನಪಾಗಲಿಲ್ಲ. ಕ್ಯಾಮೆರಾ ಹಿಡಿದವನು ತೋಳಿನಿಂದ ಮುಖ ಒರೆಸಿಕೊಂಡ. "ಇನ್ನೊಂದ್ಸಲ ಮಾಡ್ಲಾ?" ಎಂದು ಅವಳು ಕೇಳಿದ್ದಕ್ಕೆ ಕೆನೆಚಿ ಬೇಡವೆಂದು ತಲೆಯಾಡಿಸಿದ. ಅವತ್ತು ಊಟಕ್ಕೆ ಕೂತಾಗ ಎಲ್ಲರೂ ಅವಳ ಹತ್ತಿರ ಮೆಲ್ಲಗೆ ಮಾತಾಡಿದರು.

ತೆಗೆದದ್ದೆಲ್ಲ ಸೇರಿದ್ದು ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ. ಕ್ಯಾಮೆರಾದ ಕಾರ್ಡುಗಳು ಕಡಿಮೆ ಇದ್ದುದರಿಂದ ಪ್ರತಿ ಸಂಜೆ ಅವುಗಳಲ್ಲಿದ್ದುದನ್ನು ಡಿಸ್ಕಿಗೆ ತುಂಬಿ, ಮರುದಿನಕ್ಕಾಗಿ ಕಾರ್ಡು ಅಳಿಸುತ್ತಿದ್ದರು. ಇನ್ನೊಂದು ಡಿಸ್ಕ್ ಬೇಕೆಂದು ಕೆನೆಚಿ ಕೇಳಿದಾಗ ನಿರ್ಮಾಪಕ ಚೀಫ್ ಉಗೊಚಿ, "ಇರೋದು ಒಂದು ಮಗು, ಎರಡು ತೊಟ್ಟಿಲು ಯಾಕಯ್ಯಾ?" ಎಂದಿದ್ದ. ಸುತ್ತಲಿದ್ದವರು ನಕ್ಕಿದ್ದರು. ಒಬಿಡಿಯಾಳೂ ನಕ್ಕಿದ್ದಳು.

ಚಿತ್ರೀಕರಣ ಮುಗಿದು ಎರಡು ತಿಂಗಳಾದರೂ ಕೆನೆಚಿಯ ಸುದ್ದಿ ಇರಲಿಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಕೊನೆಗೊಂದು ಭಾನುವಾರ ಚರ್ಚಿನಿಂದ ಬರುವಷ್ಟರಲ್ಲಿ ಅವನೇ ಜಗಲಿಯಲ್ಲಿ ಕೂತಿದ್ದ. ಉಜು ತಂದಿಟ್ಟ, ಕಲ್ಲಂಗಡಿ ಬೀಜ ಅರೆದು ಮಾಡಿದ ಎಗುಸಿ ಸಾರಿನ ತಟ್ಟೆಯನ್ನು ಮುಟ್ಟಿರಲಿಲ್ಲ.

"ಡಿಸ್ಕ್ ಹೋಯ್ತು ಮಮ್ಮಿ," ಎಂದ.

"ಎಲ್ಲಿಗ್ ಹೋಯ್ತು? ಯಾರು ತಗೊಂಡ್ರು?"

"ಕಳವಲ್ಲ. ಕೆಟ್ಟೋಯ್ತು. ಕರೆಂಟು ಹೋಗಿ ಬಂತು. ಬಂದಿದ್ದೇ ಟಿಕ್ ಟಿಕ್ ಅಂತ ಸದ್ದು ಮಾಡೋಕ್ ಶುರುಮಾಡ್ತು."

"ರಿಪೇರಿ ಮಾಡ್ಸು."

"ಲಾಗೋಸಿಗೆ ತಗೊಂಡು ಹೋಗಿದ್ದೆ. ಅಲ್ಲಿನವನು ಬಿಚ್ಚಿ ನೋಡ್ದ. ಒಳಗೆ ತಿರುಗೋ ತಟ್ಟೆಗಳನ್ನ ಅದರ ಮುಳ್ಳೇ ಕೆರೆದು ಹಾಕಿದೆ." ಅವನು ತಲೆ ತಗ್ಗಿಸಿದ. "ಮೊದಲನೇ ಸದ್ದಿಗೇ ನಿಲ್ಲಿಸಿದ್ರೆ ಅರ್ಧವಾದ್ರೂ ಸಿಗ್ತಿತ್ತಂತೆ. ನಾನು ಇಡೀ ದಿನ ಹಚ್ಚೋದು ಆರಿಸೋದು ಮಾಡ್ತಾ ಕೂತಿದ್ದೆ."

ಒಬಿಡಿಯಾ ಅವನ ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು. "ಇಸ್ತ್ರಿ?"

"ಇಲ್ಲ."

"ಏನೂ ಉಳಿದಿಲ್ವಾ?"

"ಹನ್ನೊಂದು ನಿಮಿಷ ಸಿಕ್ಕಿದೆ. ಮೊದಲನೇ ದಿನದ್ದು."

ಯಾವುದೆಂದು ಅವಳಿಗೆ ಕೂಡಲೇ ಹೊಳೆಯಿತು. ಉಜು ಒಳಗಿನಿಂದ, "ಅಷ್ಟಾದ್ರೂ ಸಿಕ್ತಲ್ಲ, ದೇವರು ದೊಡ್ಡವನು" ಎಂದಳು. ಒಬಿಡಿಯಾ ತಂಗಿಯ ಕಡೆಗೆ ನೋಡಲಿಲ್ಲ.

ಮರುದಿನ ಅವಳೇ ಕೆನೆಚಿಯ ಕೋಣೆಗೆ ಹೋದಳು. ಡಿಸ್ಕನ್ನು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸದ್ದೇನೂ ಬರಲಿಲ್ಲ. ಹನ್ನೊಂದು ನಿಮಿಷ ಹಾಕು ಎಂದಳು. ಪರದೆಯ ಮೇಲೆ ಬಾಯಿ ತೆರೆದು, ಕತ್ತಿನ ನರ ಉಬ್ಬಿಸಿ ಅರಚುತ್ತಿದ್ದ ಹೆಂಗಸನ್ನು ಕೊನೆಯವರೆಗೂ ನೋಡಿದಳು.

"ಅಳಿಸಿಬಿಡು ಮಗಾ."

"ಅಳಿಸ್ತೀನಿ ಮಮ್ಮಿ."

"ನನ್ನೆದುರಿಗೇ ಅಳಿಸು."

ಅವನು ಅಳಿಸಿದ. ಆದರೆ ಒಂದು ಪ್ರತಿ ಆಗಲೇ ಚೀಫನ ಕೈ ಸೇರಿತ್ತು. ಅದನ್ನು ಅವನು ಹೇಳಲಿಲ್ಲ.

ತಿಂಗಳು ಕಳೆಯುವುದರೊಳಗೆ ಅದು ಫೋನಿನಿಂದ ಫೋನಿಗೆ ಹಾರತೊಡಗಿತು. ಹಿನ್ನೆಲೆಗೆ ಕುಣಿಯುವ ಸಂಗೀತ ಸೇರಿಸಿದ್ದರು. ಅವಳು ಕುರ್ಚಿ ಒದೆಯುವುದನ್ನು ಮೂರು ಮೂರು ಸಲ ತಿರುಗಿಸಿದ್ದರು. 'ಕರೆಂಟು ಹೋದಾಗ ನಮ್ಮಮ್ಮ' ಎಂದು ಯಾರೋ ಬರೆದಿದ್ದರು. ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಅವಳನ್ನು ಗುರುತಿಸಿ, "ಮಮ್ಮಿ, ಒಂದೇ ಒಂದ್ಸಲ ಮಾಡಿ ತೋರ್ಸಿ" ಎಂದು ಗೋಗರೆದರು. ಟೊಮೆಟೊ ಮಾರುವವಳು ತಾನೇ ತಲೆಬಟ್ಟೆ ಕಿತ್ತೆಸೆದು ಅಭಿನಯಿಸಿ ತೋರಿಸಿದಳು, ಮೇಲೆ ಎರಡು ಹಣ್ಣು ಕೊಸರು ಹಾಕಿದಳು.

"ಅದು ಸಿನಿಮಾದ್ದಲ್ಲ," ಎಂದಳು ಒಬಿಡಿಯಾ. "ಆ ಸಿನಿಮಾದಲ್ಲಿ ನಾನು ಮಾತೇ ಆಡಲ್ಲ."

"ನೀನಾ?" ಎಂದು ಆ ಹೆಂಗಸು ಹೊಟ್ಟೆ ಹಿಡಿದು ನಕ್ಕಳು.

ಒಬಿಡಿಯಾ ಆಮೇಲೆ ಯಾರಿಗೂ ಹೇಳಲು ಹೋಗಲಿಲ್ಲ. ಮನೆಯಲ್ಲಿ ಉಜುಗೆ ಒಮ್ಮೆ ಇಸ್ತ್ರಿಯ ದೃಶ್ಯ ಮಾಡಿ ತೋರಿಸಲು ಹೊರಟು, ಅಂಗಿ ಹಾಸಿ, ಕೈ ಎತ್ತಿ, ಅಲ್ಲಿಗೇ ಬಿಟ್ಟಳು. "ಬೇಡ ಬಿಡು," ಎಂದು ಅಂಗಿಯನ್ನು ಮುದ್ದೆ ಮಾಡಿ ಒಳಗೆಸೆದಳು.

ಮಳೆಗಾಲ ಮುಗಿದ ಮೇಲೆ ಕೆನೆಚಿ ಮತ್ತೆ ಬಂದ. ಆ ತುಣುಕಿಗೆ ಜನ ನಗುವುದನ್ನು ಕಂಡು ದುಡ್ಡು ಹಾಕಲು ಹೊಸ ಪಾಲುದಾರನೊಬ್ಬ ಮುಂದೆ ಬಂದಿದ್ದನಂತೆ, ಚೀಫ್ ಸಿನಿಮಾವನ್ನು ಮೊದಲಿನಿಂದ ತೆಗೆಯಲು ಒಪ್ಪಿದ್ದನಂತೆ. ಒಬಿಡಿಯಾಳ ಎದೆ ಒಂದು ಗಳಿಗೆ ಹಗುರಾಯಿತು. ಕೆನೆಚಿ ಬಾಗಿಲ ಚೌಕಟ್ಟನ್ನು ನೋಡುತ್ತಾ ಮಾತು ಮುಂದುವರಿಸಿದ.

"ನಾಯಕಿ ಪಾತ್ರಕ್ಕೆ ಸೋಮ್ಟೊ ಬರ್ತಿದ್ದಾಳೆ."

"ಅವಳಿಗಿನ್ನೂ ನಲವತ್ತಾಗಿಲ್ಲ."

"ಕೂದಲಿಗೆ ಪೌಡರ್ ಹಾಕ್ತಾರೆ. ಪಾಲುದಾರ ಹಟ ಹಿಡಿದಿದ್ದಾನೆ. ನಿಮಗೆ ನಾದಿನಿ ಪಾತ್ರ ಇದೆ, ಗಂಡನ ತಂಗಿ. ಶವಪೆಟ್ಟಿಗೆ ಮುಂದೆ..."

"ಅರಚಬೇಕು."

"ಜನ ಅದನ್ನೇ ಕೇಳ್ತಿದ್ದಾರೆ ಮಮ್ಮಿ."

"ಇಪ್ಪತ್ತೆಂಟು ವರ್ಷದಿಂದ ಕೇಳ್ತಿದ್ದಾರೆ. ನೀನೊಬ್ಬ ಕೇಳಿರ್ಲಿಲ್ಲ. ಈಗ ನೀನೂ ಕೇಳ್ದೆ."

ಕೆನೆಚಿಯ ಕಣ್ಣು ತುಂಬಿತು. ಅದನ್ನು ಕಂಡು ಅವಳಿಗೆ ಕನಿಕರದ ಬದಲು ಸಿಟ್ಟೇ ಬಂತು. ಅಳಲಿ, ಅಳುವುದಾದರೂ ಇವನಿಗೆ ಸುಲಭ ಎನಿಸಿತು. ಆದರೂ ಒಪ್ಪಿಕೊಂಡಳು. ಯಾಕೆಂದು ಉಜು ಕೇಳಿದಾಗ, "ಹೋಗಿ ನೋಡ್ಬೇಕು" ಎಂದಷ್ಟೇ ಹೇಳಿದಳು.

ಇಸ್ತ್ರಿಯ ದೃಶ್ಯದ ದಿನ ಅವಳಿಗೆ ಕೆಲಸವಿರಲಿಲ್ಲ. ಆದರೂ ಹೋಗಿ ಗೋಡೆಯ ಬದಿ ಕೂತಳು. ಸೋಮ್ಟೊ ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ಕಣ್ಣೀರು ಸುರಿಸಿದಳು. ಕೆನೆಚಿ, "ಅಳು ಬೇಡ, ಅಳು ಬೇಡ" ಎನ್ನುತ್ತಿದ್ದ. ಏನು ಬೇಕೆಂದು ಮಾತ್ರ ಅವನಿಗೂ ಹೇಳಲು ಬರುತ್ತಿರಲಿಲ್ಲ. ವಿರಾಮದಲ್ಲಿ ಸೋಮ್ಟೊ ನೇರ ಒಬಿಡಿಯಾಳ ಬಳಿ ಬಂದು, ಹಿರಿಯರ ಮುಂದೆ ಬಗ್ಗುವಂತೆ ಮಂಡಿ ಬಗ್ಗಿಸಿದಳು. ಕೆಟ್ಟ ಹುಡುಗಿಯಲ್ಲ ಅವಳು.

"ಆಂಟಿ, ನೀವು ಇದನ್ನ ಹೇಗೆ ಮಾಡಿದ್ರಿ? ಫೋಟೊ ಜೇಬಿಗಿಟ್ಟ ಮೇಲೆ ಏನೋ ಮಾಡಿದ್ರಂತೆ. ಕೆನೆಚಿಗೆ ಅದು ನೆನಪಾಗ್ತಾ ಇಲ್ಲ."

ಒಬಿಡಿಯಾಗೆ ಎಲ್ಲವೂ ನೆನಪಿತ್ತು. ಫೋಟೊ ಇಟ್ಟ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಜೇಬಿನ ಮೇಲೆ ತಂದು, ಒತ್ತದೆ, ಬಟ್ಟೆಗೆ ತಾಗಿಯೂ ತಾಗದಂತೆ ಹಿಡಿದಿದ್ದಳು. ಒಳಗಿದ್ದ ಮಗುವಿಗೆ ಬಿಸಿ ತಟ್ಟಬಾರದೆಂಬಂತೆ. ಆಮೇಲೆ ಮನಸ್ಸು ಬದಲಿಸಿ ಪೂರ್ತಿ ಭಾರ ಹಾಕಿ ಒತ್ತಿದ್ದಳು. ಈಗಲೂ ಮಣಿಕಟ್ಟಿನಲ್ಲಿ ಆ ಭಾರ ಇತ್ತು.

"ನೆನಪಿಲ್ಲ ಮಗಳೇ," ಎಂದಳು.

ಸೋಮ್ಟೊ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸುಳ್ಳೆಂದು ಅವಳಿಗೆ ತಿಳಿಯಿತು. "ಪರವಾಗಿಲ್ಲ ಆಂಟಿ," ಎಂದು ಎದ್ದು ಹೋದಳು. ಅವತ್ತು ಒಂಬತ್ತು ಸಲ ತೆಗೆದರು. ಪ್ರತಿ ಸಂಜೆಯಂತೆ ಅವತ್ತೂ ತೆಗೆದದ್ದನ್ನು ಮೂರು ಡಿಸ್ಕುಗಳಿಗೆ ತುಂಬಿ, ಒಂದನ್ನು ಚೀಫ್ ತಾನೇ ಕಾರಿನಲ್ಲಿ ಮನೆಗೆ ಒಯ್ದ.

ಸಿನಿಮಾ ಬಂದಾಗ ಅಕ್ಕತಂಗಿಯರು ಒಂದು ಮಧ್ಯಾಹ್ನ ಮನೆಯ ಟಿ.ವಿ.ಯಲ್ಲೇ ನೋಡಿದರು. ಅದು ಕೆಟ್ಟದಾಗಿರಲಿ ಎಂದು ಒಬಿಡಿಯಾ ಬಯಸಿದ್ದಳು. ಹಾಗೆ ಬಯಸುತ್ತಿದ್ದೇನೆ ಎಂದು ತನಗೆ ತಾನೇ ಒಪ್ಪಿಕೊಂಡೂ ಇದ್ದಳು. ತಾನು ಅರಚುವ ಜಾಗದಲ್ಲಿ ಪಕ್ಕದ ಮನೆಯ ನಗು ಕಿಟಕಿಯಿಂದ ಕೇಳಿಸಿತು, ಅವರೂ ಅದನ್ನೇ ನೋಡುತ್ತಿದ್ದರು. ಇಸ್ತ್ರಿಯ ದೃಶ್ಯ ಬಂತು. ಸೋಮ್ಟೊ ಫೋಟೊ ಜೇಬಿನಲ್ಲಿಟ್ಟು, ಜೇಬನ್ನು ಬಿಟ್ಟು ಸುತ್ತಲೂ ಇಸ್ತ್ರಿ ಎಳೆದಳು. ಆ ಚೌಕದಷ್ಟು ಬಟ್ಟೆ ಸುಕ್ಕಾಗಿಯೇ ಉಳಿಯಿತು. ಅವಳು ಅದನ್ನೇ ನೋಡುತ್ತಾ ನಿಂತಳು. ಅಳಲಿಲ್ಲ.

ಉಜು ಮೂಗು ಒರೆಸಿಕೊಂಡಳು. "ನೀನು ಮಾಡಿದ್ದು ಇದಕ್ಕಿಂತ ಚೆನ್ನಾಗಿತ್ತಾ?" ಎಂದು ಕೇಳಿದಳು.

ಒಬಿಡಿಯಾ ಬಾಯಿ ತೆರೆದಳು. ತಾನು ಮಾಡಿದ್ದನ್ನು ತಾನು ಒಮ್ಮೆಯೂ ನೋಡಿರಲಿಲ್ಲ. ಅದನ್ನು ತೆಗೆದ ದಿನ ಕೆನೆಚಿ ತೋರಿಸಲು ಹೊರಟಾಗ, ಸಿನಿಮಾ ಪೂರ್ತಿ ಆದ ಮೇಲೆ ಒಟ್ಟಿಗೇ ನೋಡೋಣವೆಂದು ಅವಳೇ ಬೇಡವೆಂದಿದ್ದಳು.

"ಯಾರಿಗ್ ಗೊತ್ತು," ಎಂದಳು. ಎದ್ದು ಟಿ.ವಿ. ಆರಿಸಿದಳು. ಮರುದಿನ ಬೆಳಿಗ್ಗೆ ಆರಕ್ಕೆ ಹೊಸ ಚಿತ್ರದ ಗಾಡಿ ಬರುವುದಿತ್ತು, ಅತ್ತೆಯ ಪಾತ್ರಕ್ಕೆ ದೊಡ್ಡ ಹೂವಿನ ಎರಡು ಬಟ್ಟೆ ತರಲು ಹೇಳಿದ್ದರು. ಅವಳು ಒಳಗೆ ಹೋಗಿ ಪೆಟ್ಟಿಗೆಯಲ್ಲಿ ಅವನ್ನು ಹುಡುಕತೊಡಗಿದಳು.