ಒಂದು ಚಮಚ ಹೊಳೆ ನೀರು

ಐಸಿಯು ಹಾಸಿಗೆಗೆ ದಿನಕ್ಕೆ ಒಂಬತ್ತು ಸಾವಿರ, ಉಸಿರಾಟದ ಯಂತ್ರ ಹಾಕಿದರೆ ಇನ್ನೂ ಆರು ಸಾವಿರ. ತಂಗಿ ಸ್ನೇಹಾ ಹರಿಹರದಿಂದ ತರಬೇಕಿದ್ದ ಹೊಳೆ ನೀರಿಗೆ ಮಾತ್ರ ಖರ್ಚಿಲ್ಲ. ಹೆಂಗಸರಿಗೆ ಬಸ್ಸೂ ಪುಕ್ಕಟೆ.

ನೀರು ಕೇಳಿದ್ದು ಅಪ್ಪ. ಹಾಲೇಶಪ್ಪ ಅಂತ, ಎಂಬತ್ನಾಲ್ಕು ವರ್ಷ. ನಿಟ್ಟುವಳ್ಳಿಯಲ್ಲಿ ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವರು. ಈಗ ಅಂಗಡಿ ನನ್ನದು. ನಮ್ಮ ಮನೆಯಲ್ಲಿ ಪ್ರಾಣ ಹೋಗುವವರ ಬಾಯಿಗೆ ಮಗಳು ಹೊಳೆ ನೀರು ಬಿಡಬೇಕು, ಅದು ಪದ್ಧತಿ.

"ಬಕ್ಕೇಶ, ವಾಷರ್ ಎಲ್ಲಾ ಹೋಗ್ಯಾವೆ. ಇನ್ನು ಬಿಚ್ಚಿ ನೋಡಬ್ಯಾಡ್ರಿ," ಎಂದರು ಬೆಳಿಗ್ಗೆ. "ಸ್ನೇಹಾ ಬರ್ಲಿ. ಅವಳ ಕೈಲಿ ಒಂದು ಚಮಚ ನೀರು ಸಾಕು."

"ಸುಮ್ನಿರಪ್ಪ, ನಾಡಿದ್ದು ಮನಿಗೆ ಹೋಗೋಣ."

"ಗಿರಾಕಿಗೂ ನೀನು ಹಿಂಗೇ ನಾಡಿದ್ದು ಅಂತಿದ್ದಿ."

ಡಾಕ್ಟರ್ ರೇಖಾ ನನ್ನನ್ನು ಹೊರಗೆ ಕರೆದರು. "ನಿಮ್ಮ ತಂದೆ ಹಾರ್ಟ್ ನಿಂತ್ರೆ ಎದೆ ಒತ್ತಬೇಕಾ, ಹೇಳ್ರಿ. ಈ ವಯಸ್ಸಿನ ಹತ್ತು ಜನಕ್ಕೆ ಒತ್ತಿದ್ರೆ ಮನೆಗೆ ಹೋಗೋರು ಒಬ್ರೋ ಇಬ್ರೋ. ಪಕ್ಕೆಲುಬು ಮುರೀತಾವೆ."

"ತಂಗಿ ಬರ್ಲಿ ಮೇಡಂ, ಕೇಳಿ ಹೇಳ್ತೀನಿ."

ಹನ್ನೊಂದಕ್ಕೆ ಅಪ್ಪನ ಹಾರ್ಟ್ ನಿಂತೇ ಹೋಯಿತು. ಬಸ್ಸು ಈಗಷ್ಟೇ ಹರಿಹರ ಬಿಟ್ಟಿದೆ ಎಂದು ಸ್ನೇಹಾ ಆಗಷ್ಟೇ ಫೋನ್ ಮಾಡಿದ್ದಳು.

"ಒತ್ರಿ ಮೇಡಂ," ಎಂದೆ. "ತಂಗಿ ಬರೋತನಕ ಅರ್ಧ ಗಂಟೆ ಜೀವ ಹಿಡುದ್ರೆ ಸಾಕು."

ಅವರು ನನ್ನ ಮುಖ ಒಮ್ಮೆ ನೋಡಿ ಪರದೆ ಎಳೆದರು. ಒಳಗಿಂದ ಒಣ ಕಡ್ಡಿ ಮುರಿದಂಥ ಸದ್ದು ಬಂತು. ಹದಿನಾಲ್ಕು ನಿಮಿಷಕ್ಕೆ ಹಾರ್ಟ್ ಮತ್ತೆ ಹೊಡೆಯಿತು. ಗೆದ್ದೆ ಅನ್ನಿಸಿತು ನನಗೆ.

ಸ್ನೇಹಾ ಬಾಟಲಿ, ಬೆಳ್ಳಿ ಚಮಚ ಹಿಡಿದು ಬಂದಳು. ಅಪ್ಪನ ಬಾಯಲ್ಲಿ ಉಸಿರಾಟದ ಯಂತ್ರದ ನಳಿಕೆ ಇತ್ತು, ಸುತ್ತ ಟೇಪು. ಕಣ್ಣು ಮುಚ್ಚಿತ್ತು.

"ಎಲ್ಲಿಗೆ ಬಿಡ್ಲಿ ಅಣ್ಣ?"

ನಾನು ಡಾಕ್ಟರ ಕಡೆ ನೋಡಿದೆ.

"ಬ್ಯಾಡಮ್ಮ, ಶ್ವಾಸಕೋಶಕ್ಕೆ ಹೋಗುತ್ತೆ," ಎಂದರು ಅವರು.

"ಹಂಗಾರೆ ನಳಿಕೆ ತೆಗೀರಿ ಮೇಡಂ," ಎಂದೆ.

"ಹಾಕೋದು ನನ್ನ ಕೈಲಿತ್ತು. ತೆಗೆಯೋದಕ್ಕೆ ಆಸ್ಪತ್ರೆ ಡಾಕ್ಟರ್‌ಗಳ ಕಮಿಟಿ ಕೂಡ್ರಬೇಕು ಬಕ್ಕೇಶಪ್ಪಾರೆ."

ಸ್ನೇಹಾ ಹತ್ತಿ ಅದ್ದಿ ತುಟಿಗೆ ಒತ್ತಿದಳು. ನೀರು ಟೇಪಿನ ಮೇಲಿಂದ ಗದ್ದಕ್ಕೆ ಇಳಿಯಿತು. ನರ್ಸ್ ಒರೆಸಿದಳು. ದಿನಾ ಬಂದು ಅಷ್ಟನ್ನೇ ಮಾಡಿದಳು ಸ್ನೇಹಾ. ನಾನು ಚಮಚ ಹಿಡಿದು ನಿಲ್ಲುತ್ತಿದ್ದೆ.

ಆರನೆಯ ದಿನ, ಕಮಿಟಿ ಕೂಡುವ ಮೊದಲೇ, ಅಪ್ಪ ಹೋದರು.

ಸಿಕ್ಕಿದ್ದು ಆರು ದಿನದ ಎದೆಬಡಿತ, ಅದು ಅಪ್ಪನಿಗೆ ಗೊತ್ತಾಗಲಿಲ್ಲ. ಮುರಿದದ್ದು ನಾಲ್ಕು ಪಕ್ಕೆಲುಬು. ಕೇಳಿದ ಒಂದು ಚಮಚ ನೀರು ಬಾಯಿಗೆ ಹೋಗಲಿಲ್ಲ.