ಬೆಳ್ಳಿಯ ಪಾಲಿನ ಹಾಲು

ನಮ್ಮೂರಿನಿಂದ ಪ್ಲೇಗನ್ನು ಓಡಿಸಿದ್ದು ಸರ್ಕಾರದ ಸೂಜಿಯಲ್ಲ, ನಾನು ಹಾಲು ಹಾಕಿ ಸಾಕಿದ ಒಂದು ಬೆಕ್ಕು. ದಿನಕ್ಕೆ ನಲವತ್ತು ಇಲಿ ಹೊಡೆದು, ಅವುಗಳ ಬಾಲ ಮಾತ್ರ ಕಚ್ಚಿ ತಂದು, ನಾನು ಹೋಗುವ ಹೊತ್ತಿಗೆ ಹೊಸ್ತಿಲ ಮೇಲೆ ಸಾಲಾಗಿ ಜೋಡಿಸಿಡುತ್ತಿತ್ತು. ಆ ಬಾಲಗಳನ್ನೆಲ್ಲ ಹೊಸೆದು ನಾನೊಂದು ಹಗ್ಗ ಮಾಡಿದೆ. ದೊಡ್ಡಬೆಳವಂಗಲದ ಕಡೆಯ ಯಾವ ಬಾವಿಗೆ ಬಿಟ್ಟರೂ ಆ ಹಗ್ಗ ನೀರು ಮುಟ್ಟಿ ಇನ್ನೂ ಎರಡು ಮಾರು ಉಳಿಯುತ್ತಿತ್ತು.

ಗುಡಿಸಲುಗಳ ಮುಂದಿನ ಹೊಂಗೆಮರದ ಕೆಳಗೆ ಕೂತು ನಾನು ಈ ಮಾತು ಹೇಳುತ್ತಿದ್ದೆ. ಎದುರಿಗೆ ಹುರುಳಿ ಕೇರುತ್ತಿದ್ದ ಮಾರಕ್ಕ ಮೊರ ನಿಲ್ಲಿಸಿ, "ಹಗ್ಗ ಎಲ್ಲೋ ಪಿಳ್ಳಪ್ಪ? ಒಂದ್ ದಪ ತೋರ್ಸು, ನಮ್ಮೆಮ್ಮೆ ಕಟ್ಟಾಕ್ಬೇಕು" ಅಂದಳು.

"ನಿನ್ನೆಮ್ಮೆ ಕುತ್ತಿಗೆಗೆ ಆ ಹಗ್ಗ ಹಾಕಿದ್ರೆ ತಾನೇ ಕೊತ್ತಿ ಅಂತ ತಿಳ್ಕೊಂಡು ಮರ ಹತ್ಬಿಡ್ತದೆ. ಇಳ್ಸೋರ್ಯಾರು?"

ಜನ ನಕ್ಕರು. ನಗು ಮುಗಿಯುವ ಮೊದಲೇ ಬೈರಪ್ಪನ ಗಾಡಿ ಬಂದು ನಿಂತಿತು. ಅದರಿಂದ ಮಗಳ ಬಾಣಂತನಕ್ಕೆ ಹೋಗಿದ್ದ ಅಂಜಿನಮ್ಮ ಇಳಿದಳು. ಕೈಯಲ್ಲಿ ಒಂದು ಬಟ್ಟೆಗಂಟಿತ್ತು, ಬೇರೇನೂ ಇರಲಿಲ್ಲ. ನೇರ ಹೋಗಿ ಗುಡಿಸಲ ಮುಂದಿನ ಕಲ್ಲಿನ ಮೇಲೆ ಕೂತಳು.

ಬೈರಪ್ಪ ಎತ್ತಿನ ಕೊರಳ ಹಗ್ಗ ಬಿಚ್ಚುತ್ತಾ ಮೆಲ್ಲಗೆ ಹೇಳಿದ: "ಗಂಗಲಕ್ಷ್ಮಿ ಹೋದ್ಲು. ಹೆರಿಗೆಯಾಗಿ ಐದನೇ ದಿನಕ್ಕೆ ಜ್ವರ ಬಂತಂತೆ. ಮಗು ಉಳೀತು. ಅತ್ತೆ ಮನೆಯೋರೇ ಇಟ್ಕೊಂಡ್ರು."

ಮಾರಕ್ಕ ಮೊರವನ್ನು ನೆಲಕ್ಕಿಟ್ಟಳು.

ನಡೆದದ್ದನ್ನು ಹೇಳುತ್ತೇನೆ. ಜರ್ಮನಿಯವರ ಯುದ್ಧ ನಡೆಯುತ್ತಿದ್ದ ಕಾಲ ಅದು. ಕಾರ್ತಿಕದಲ್ಲಿ ನಮ್ಮೂರ ಮೇಲಿನ ಬೀದಿಯಲ್ಲಿ ಇಲಿ ಬಿತ್ತು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದು ಊರು ಬಿಡುವುದು ವಾಡಿಕೆ. ಎರಡೇ ದಿನದಲ್ಲಿ ಪಾತ್ರೆ ಪಡಗ, ದನ ಕರು ಹೊಡೆದುಕೊಂಡು ಒಂದು ಮೈಲಿ ಆಚೆಯ ಹೊಲದಲ್ಲಿ ಗುಡಿಸಲು ಹಾಕಿದೆವು. ಊರಿನ ದಾರಿಗೆ ಜಾಲಿಮುಳ್ಳು ಎಳೆದು ಮುಚ್ಚಿದೆವು. ಊರಿನ ಹಿರಿಯ ದೊಡ್ಡಬೀರಪ್ಪ ಒಂದು ಕಟ್ಟು ಮಾಡಿದ. ಸತ್ತ ಇಲಿ ತಿಂದ ಬೆಕ್ಕು ಗುಡಿಸಲ ಕಡೆ ಬಂದರೆ, ಯಾರದೇ ಆಗಲಿ, ಹೊಡೆದು ಹೂಳಬೇಕು.

ಅಂಜಿನಮ್ಮನ ಮನೆಯಲ್ಲಿ ಬೆಳ್ಳಿ ಎಂಬ ಬಿಳಿಯ ಬೆಕ್ಕಿತ್ತು. ಅದು ಅವಳ ಒಬ್ಬಳೇ ಮಗಳು ಗಂಗಲಕ್ಷ್ಮಿ ಕಣ್ಣು ಬಿಡದ ಮರಿಯಾಗಿದ್ದಾಗ ಎತ್ತಿ ತಂದು, ಹತ್ತಿಯಲ್ಲಿ ಹಾಲು ಹಿಂಡಿ ಬದುಕಿಸಿದ್ದು. ಮಗಳನ್ನು ತ್ಯಾಮಗೊಂಡ್ಲು ಕಡೆ ಕೊಟ್ಟ ಮೇಲೆ ಮನೆಯಲ್ಲಿ ಉಳಿದದ್ದು ತಾಯಿ, ಬೆಕ್ಕು, ಒಂದು ಹಸು. ಚೊಚ್ಚಲ ಬಾಣಂತನಕ್ಕೆ ಮಗಳು ತೌರಿಗೆ ಬರಬೇಕಾಗಿತ್ತು. ಇಲಿ ಬಿದ್ದ ಊರಿಗೆ ತುಂಬು ಬಸುರಿಯನ್ನು ಯಾರು ಕಳಿಸುತ್ತಾರೆ? ತಾಯಿಯೇ ಹೊರಟಳು. ತೋಳಿಗೆ ಪ್ಲೇಗಿನ ಸೂಜಿ ಹಾಕಿಸಿಕೊಂಡು, ಅದಕ್ಕೆ ಕೊಟ್ಟ ಚೀಟಿಯನ್ನು ಸೆರಗಿನಲ್ಲಿ ಗಂಟುಕಟ್ಟಿಕೊಂಡು, ಹೊರಡುವ ಹಿಂದಿನ ದಿನ ನನ್ನ ಗುಡಿಸಲಿಗೆ ಬಂದಳು.

"ಪಿಳ್ಳ, ಒಂದು ಉಪ್ಕಾರ ಮಾಡ್ತೀಯಾ?"

"ಒಂದ್ಯಾಕಕ್ಕ, ಹತ್ತು ಹೇಳು."

"ಬೆಳ್ಳೀನ ಮನೇಲಿ ಬಿಟ್ಟು ಬೀಗ ಹಾಕಿದ್ದೀನಿ. ಹೊರಗೆ ಬಿಟ್ರೆ ಇಲಿ ತಿಂತದೆ, ಇಲ್ಲಿಗೆ ತಂದ್ರೆ ಬೀರಪ್ಪಣ್ಣ ಹೊಡೆಸ್ತಾನೆ. ಬೀಗರ ಊರಿಗೆ ನನ್ನನ್ನ ಬಿಟ್ಕೊಳ್ಳೋದೇ ಹೆಚ್ಚು, ಕೊತ್ತೀನ ಬಿಟ್ಕೊಂತಾರಾ? ಗೋಡೆ ಬಿಲ ಎಲ್ಲಾ ಮಣ್ಣು ಮೆತ್ತಿ ಮುಚ್ಚಿದ್ದೀನಿ. ಒಳಗೆ ಒಂದು ಇಲೀನೂ ಬರಾಕಿಲ್ಲ, ಅದೂ ಹೊರಕ್ಕೆ ಹೋಗಾಕಿಲ್ಲ. ಬಾನಿ ತುಂಬ ನೀರಿಟ್ಟಿದ್ದೀನಿ. ನೀನು ದಿನಾ ಬೆಳಿಗ್ಗೆ ಹೋಗಿ ಬೀಗ ತೆಗೆದು ಒಂದು ಪಾವು ಹಾಲು, ಒಂದು ತುತ್ತು ಮುದ್ದೆ ಇಟ್ಟು ಬಂದ್ರೆ ಸಾಕು. ಹಸು ನಿನ್ ಹತ್ರಾನೇ ಇರ್ಲಿ. ಮಿಕ್ಕಿದ್ದು ನಿನ್ ಮಕ್ಕಳಿಗೆ."

"ಊರೊಳಗೆ ಹೋಗೋಕೆ ಹೆದ್ರಿಕೆ ಆಗಾಕಿಲ್ವೇನೋ?" ಅಂತ ಪಕ್ಕದ ಗುಡಿಸಲಿನಿಂದ ಮಾರಕ್ಕ ಕೇಳಿದಳು.

"ಹೆದ್ರಿಕೆನಾ? ಮಾರಿಯಮ್ಮ ಎದ್ರಿಗೆ ಬಂದ್ರೆ ಎಲಡ್ಕೆ ಕೊಟ್ಟು ಕೂರಿಸ್ಕೊಂಡು ಮಾತಾಡಿ ಕಳಿಸ್ತೀನಿ" ಅಂದೆ.

ಅಂಜಿನಮ್ಮ ನಗಲಿಲ್ಲ. ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ, ನನ್ನ ಬೆರಳುಗಳನ್ನು ತಾನೇ ಮಡಿಸಿದಳು. "ಗಂಗ ಹೇಳಿ ಕಳಿಸಿದ್ದಾಳೆ ಕಣೋ. ಬೆಳ್ಳಿಗೇನಾದ್ರೂ ಆದ್ರೆ ತಾಯಿ ಮುಖ ನೋಡಾಕಿಲ್ಲ ಅಂದವ್ಳೆ. ಬಸುರಿ ಮಾತು."

ಅಲ್ಲಿಂದ ಮುಂದೆ ಬೈರಪ್ಪ ವಾರಕ್ಕೊಂದು ಸಲ ತ್ಯಾಮಗೊಂಡ್ಲು ಸಂತೆಗೆ ಗಾಡಿ ಕಟ್ಟುವಾಗೆಲ್ಲ ಅವನ ಬಾಯಲ್ಲಿ ನಾನು ಸುದ್ದಿ ಕಳಿಸುತ್ತಿದ್ದೆ. ಮೊದಲ ವಾರ ಬೆಳ್ಳಿ ನಾಗರಹಾವಿನ ಹೆಡೆ ಮೇಲೆ ಕೂತು ಮುಖ ತೊಳೆದುಕೊಂಡಿತು. ಎರಡನೇ ವಾರ ಇಲಿ ಹಿಡಿಯಲು ಬಂದ ಸರ್ಕಾರದ ಜವಾನ ಅದಕ್ಕೆ ಸಲಾಮು ಹೊಡೆದು ವಾಪಸು ಹೋದ. ಮೂರನೇ ವಾರ ತಿಂದೂ ತಿಂದೂ ಊದಿ ಬಾಗಿಲಲ್ಲಿ ಹಿಡಿಸದೆ, ನಾನು ಹಿಂದಿನಿಂದ ನೂಕಬೇಕಾಯಿತು.

ಇಷ್ಟೆಲ್ಲ ಕಳಿಸಿದವನಿಗೆ ಆ ಬೆಳಿಗ್ಗೆ ಕಲ್ಲಿನ ಮೇಲೆ ಕೂತ ಅಂಜಿನಮ್ಮನಿಗೆ ಹೇಳಲು ಒಂದು ಒಳ್ಳೆಯ ಮಾತು ಹೊಳೆಯಲಿಲ್ಲ. ಸುಮ್ಮನಿರುವುದೂ ನನಗೆ ಬರುವುದಿಲ್ಲ.

"ಅಕ್ಕಾ, ಬೆಳ್ಳಿ ಗುಂಡುಕಲ್ಲಿನಂಗವ್ಳೆ" ಅಂದೆ.

ಅವಳು ತಲೆಯೆತ್ತಿದಳು. "ನೋಡ್ಬೇಕು ಕಣೋ. ನಡಿ."

"ಇವತ್ತಾ? ಊರಿಗೆ ಹೋಗೋಕೆ ಇನ್ನೂ ಎಂಟು ದಿನ ಕಳೀಲಿ ಅಂದವ್ರೆ ಬೀರಪ್ಪಣ್ಣ."

"ನೀನು ದಿನಾ ಹೋಗ್ತಿದ್ಯಲ್ಲ. ನಾನೂ ಬರ್ತೀನಿ ನಡಿ."

ಹತ್ತು ಜನ ನೋಡುತ್ತಿದ್ದರು. ಎದ್ದೆ. ದಾರಿಯುದ್ದಕ್ಕೂ ಮಾತಾಡಿದೆ. ಬೆಳ್ಳಿ ನನ್ನ ಕಾಲಿನ ಸದ್ದು ಅರ್ಧ ಮೈಲಿಯಿಂದ ಗುರುತಿಸುತ್ತದೆ, ಹಾಲಿನಲ್ಲಿ ಕೆನೆಯಿಲ್ಲದಿದ್ದರೆ ಮುಖ ತಿರುಗಿಸುತ್ತದೆ, ಅಂತೆಲ್ಲ. ಮುಳ್ಳಿನ ಬೇಲಿಯ ಹತ್ತಿರ ಜಾಲಿಕೊಂಬೆಗಳು ಎಳೆದಿಟ್ಟ ದಿನದಂತೆಯೇ ಬಿದ್ದಿದ್ದವು, ಒಂದರ ಮೇಲೆ ಹಾಗಲಬಳ್ಳಿ ಹಬ್ಬಿತ್ತು. "ನಾನು ಎಗರಿಕೊಂಡು ಹೋಗ್ತಿದ್ದೆ" ಅಂದೆ. ಅವಳು ಕೊಂಬೆಗಳನ್ನು ಒಂದೊಂದಾಗಿ ಎಳೆದು ದಾರಿ ಮಾಡಿದಳು. ಕೈಯಿಂದ ರಕ್ತ ಬಂದಾಗ ಸೆರಗಿಗೆ ಒರೆಸಿಕೊಂಡಳು.

ಊರೊಳಗೆ ಕೋಳಿಯ ಸದ್ದೂ ಇರಲಿಲ್ಲ. ಜಗಲಿಗಳ ಮೇಲೆ ಹುಲ್ಲು ಚಿಗುರಿತ್ತು. ನಮ್ಮ ಕಾಲ ಸದ್ದು ಗೋಡೆಗೆ ತಾಗಿ ನಮಗೇ ಕೇಳುತ್ತಿತ್ತು.

ಅವಳ ಮನೆ ಮುಂದೆ ನಿಂತು ನಾನು ಸೊಂಟದಿಂದ ಬೀಗದ ಕೈ ತೆಗೆದೆ. ತೂರಿಸಲು ಹೋದರೆ ಬೀಗಕ್ಕೆ ತೂತೇ ಇರಲಿಲ್ಲ. ಕುಂಬಾರಹುಳು ಅದರ ಬಾಯಿಗೆ ಕೆಮ್ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಮಣ್ಣು ಒಣಗಿ ಕಲ್ಲಾಗಿ, ಅದರ ಮೇಲೆ ಧೂಳು ಕೂತಿತ್ತು.

ಅಂಜಿನಮ್ಮ ಅದನ್ನು ಹೆಬ್ಬೆರಳಿನಿಂದ ಸವರಿದಳು.

"ಹಿತ್ತಲ ಬಾಗಿಲಿಂದ ಹೋಗ್ತಿದ್ದೆ ಅಕ್ಕ" ಅಂದೆ.

"ಅದಕ್ಕೆ ಒಳಗಿಂದ ಅಗಳಿ ಹಾಕಿದ್ದೀನಿ."

"ಹೆಂಚು ಸರಿಸಿ, ಮೇಲಿಂದ..."

ಅವಳು ಮೇಲೆ ನೋಡಲೂ ಇಲ್ಲ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಬೀಗದ ಮಣ್ಣು ಕೆದಕತೊಡಗಿದಳು. ಕೆದಕುತ್ತಲೇ ಹೇಳಿದಳು, ಧ್ವನಿ ಏರಿಸದೆ.

"ಬೈರಪ್ಪ ಬಂದು ಹೋದ ದಿನ ಎಲ್ಲಾ ಗಂಗ ನಗೋಳು. ನೋವಲ್ಲೂ ನಗೋಳು. ಜ್ವರ ಬಂದ ಮೇಲೂ ಆ ಹೆಡೆ ಮೇಲೆ ಕೂತಿದ್ದು ಇನ್ನೊಂದ್ ದಪ ಹೇಳವ್ವ ಅನ್ನೋಳು. ಪಿಳ್ಳಮಾವ ನೂರು ಹೇಳಿದ್ರೆ ತೊಂಬತ್ತೊಂಬತ್ತು ಸುಳ್ಳು, ಒಂದು ನಿಜ ಕಣವ್ವ ಅಂದ್ಲು. ಯಾವುದೇ ಅದು ಅಂದೆ. ಬೆಳ್ಳಿ ಬದುಕಿರೋದು ಅಂದ್ಲು."

ಮಣ್ಣಿನ ಒಂದು ಚೂರು ಕಳಚಿ ಹೊಸ್ತಿಲಿಗೆ ಬಿತ್ತು.

ನಾನು ಜಗಲಿಯ ಮೇಲೆ ಕೂತೆ. "ಬಾಗಿಲು ತೆಗೀಬ್ಯಾಡ ಅಕ್ಕ" ಅಂದೆ. "ಒಂದು ದಿನಾನೂ ತೆಗೀಲಿಲ್ಲ ನಾನು. ಮೊದಲ್ನೇ ದಿನ ಹಾಲು ಹಿಡ್ಕೊಂಡು ಈ ಬೀದಿ ಬಾಯಿವರೆಗೂ ಬಂದೆ. ಅಲ್ಲಿ ಮೋರಿ ಪಕ್ಕ ಒಂದು ಇಲಿ ಸತ್ತು ಬಿದ್ದಿತ್ತು, ಮೈಯೆಲ್ಲಾ ಇರುವೆ. ಓಡಿದೆ. ಮಾರನೇ ದಿನದಿಂದ ಬೇಲಿ ದಾಟಲಿಲ್ಲ. ಅಲ್ಲೇ ನಿಂತ್ಕೊಂತಿದ್ದೆ. ಜನಕ್ಕೆ ಹೋಗಿ ಬಂದಂಗೆ ಕಾಣ್ಬೇಕಲ್ಲ, ಅಷ್ಟು ಹೊತ್ತು ನಿಂತು ಅದರ ಪಾಲಿನ ಹಾಲು ನಾನೇ ಕುಡಿದು ವಾಪಸು ಬರ್ತಿದ್ದೆ."

ಅವಳ ಕೈ ನಿಲ್ಲಲಿಲ್ಲ.

"ಬೇಲಿ ಹತ್ರಕ್ಕೆ ಕೇಳಿಸ್ತಿತ್ತಾ?"

"ಊರಲ್ಲಿ ಬೇರೆ ಸದ್ದೇ ಇರ್ಲಿಲ್ಲಕ್ಕ. ಕೇಳಿಸ್ತಿತ್ತು."

"ಎಷ್ಟು ದಿನ ಕೂಗ್ತು?"

ಒಂದನ್ನು ನೂರು ಮಾಡುವ ಬಾಯಿ ನನ್ನದು. ಆ ಗಳಿಗೆ ದಿನಗಳನ್ನು ಎರಡು ಮಾಡಬೇಕು, ಒಂದು ಮಾಡಬೇಕು ಅನಿಸಿತು. ಒಂದು ಅಂದಿದ್ದರೆ ಅವಳು ನಂಬುತ್ತಿದ್ದಳೇನೋ.

"ಒಂಬತ್ತು" ಅಂದೆ. "ಹತ್ತನೇ ದಿನ ಕೂಗಲಿಲ್ಲ. ಆವತ್ತು ನಂಗೆ ಹಗುರ ಆಯ್ತು ಅಕ್ಕ. ಇನ್ನು ಕೇಳೋ ಹಂಗಿಲ್ಲ ಅಂತ. ಹಾವಿಂದು ಬಿಟ್ರೆ ಮಿಕ್ಕಿದ್ದೆಲ್ಲಾ ಆಮೇಲೆ ಕಳಿಸಿದ ಸುದ್ದಿ."

ಪಿನ್ನಿನ ತುದಿಗೆ ಸಿಕ್ಕಿ ಗೂಡಿನ ಉಳಿದ ಮಣ್ಣು ಒಡೆಯಿತು. ಒಳಗಿಂದ ಅಕ್ಕಿಕಾಳಿನಷ್ಟು ಬಿಳಿಯ ಮರಿಹುಳುವೊಂದು ಹೊಸ್ತಿಲ ಮೇಲೆ ಬಿದ್ದು, ಬಿಸಿಲಿಗೆ ಮೆಲ್ಲಗೆ ಹೊರಳತೊಡಗಿತು. ಅಂಜಿನಮ್ಮ ನನ್ನ ಕಡೆ ತಿರುಗದೆ, ಬೀಗದ ಕೈಗಾಗಿ ಅಂಗೈಯನ್ನು ಹಿಂದಕ್ಕೆ ಚಾಚಿದಳು.