ಬುಧವಾರದ ನಾಯಕಿ

ನಮ್ಮ ಲಾಂಡ್ರಿಯ ಮಾಲೀಕರು ನಾಯಕತ್ವದ ತರಬೇತಿಗೆ ಹೋಗಿಬಂದರೆಂದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಹಿಂದಿನ ಸಲ ಬಂದವರು ಶಿಸ್ತೇ ನಾಯಕತ್ವ ಎಂದು, ನೀರು ಕುಡಿಯುವುದಕ್ಕೂ ನಾವು ಕೈ ಎತ್ತಿ ಕೇಳುವಂತೆ ಮಾಡಿದ್ದರು. ಈ ಸಲ, "ಇನ್ಮೇಲೆ ನಾನು ಯಾರಿಗೂ ಏನೂ ಹೇಳಲ್ಲ. ದಿನಕ್ಕೊಬ್ಬರು ನಾಯಕರು. ಅವರು ಹೇಳಿದ್ದೇ ಕೊನೆ ಮಾತು. ನನಗೂ ಅಷ್ಟೇ," ಎಂದರು.

ಬುಧವಾರ ನನ್ನ ಸರದಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬಸ್ಸಿನಲ್ಲಿ 'ನಿಲ್ಲಿಸಿ' ಎನ್ನಲು ಬಾಯಿ ಬಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವವಳು.

ಮಧ್ಯಾಹ್ನ ಇಸ್ತ್ರಿ ಮಾಡುವ ದೊಡ್ಡಮ್ಮನಿಗೆ ಫೋನ್ ಬಂತು. ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ಅಳಿಯ ಊರಲ್ಲಿಲ್ಲ, ಆಸ್ಪತ್ರೆಗೆ ಕರೆದೊಯ್ಯಲು ಬೇರೆ ಯಾರೂ ಇರಲಿಲ್ಲ. ಆದರೆ ಹೋಟೆಲಿನ ಬೆಡ್‌ಶೀಟುಗಳು ಸಂಜೆಯೊಳಗೆ ಹೋಗಬೇಕಿತ್ತು. ದೊಡ್ಡಮ್ಮ ಮಾಲೀಕರನ್ನು ಕೇಳಿದರು.

"ನನ್ನನ್ನ ಯಾಕೆ ಕೇಳ್ತೀರಿ? ಇವತ್ತು ನಾಯಕಿ ಅವಳು."

ದೊಡ್ಡಮ್ಮ ನನ್ನ ಹತ್ತಿರ ಬಂದರು. "ಹೋಗಿ ದೊಡ್ಡಮ್ಮ," ಎಂದೆ.

"ಹಾಗಲ್ಲಮ್ಮ," ಎನ್ನುತ್ತ ಮಾಲೀಕರು ಬಾಗಿಲಿಗೇ ಅಡ್ಡ ನಿಂತರು. "ಒಬ್ಬಳೇ ತೀರ್ಮಾನ ಮಾಡಿದ್ರೆ ಅದು ದರ್ಬಾರು. ಎಲ್ಲರನ್ನೂ ಕೂರಿಸಿ ಅಭಿಪ್ರಾಯ ಕೇಳು."

ಬಟ್ಟೆಗಂಟುಗಳ ಮೇಲೆ ಕೂತೆವು. "ನಿಮಗೇನು ಅನಿಸ್ತಿದೆ?" ಎಂದು ಮಾಲೀಕರು ಒಗೆಯುವ ಅಣ್ಣನನ್ನು ಕೇಳಿದರು.

"ಮೀಟಿಂಗ್ ಮುಗಿಯೋವರೆಗೂ ಮಗು ಕಾಯಲ್ಲ ಅನಿಸ್ತಿದೆ ಸಾರ್."

"ಒಳ್ಳೆ ಅಭಿಪ್ರಾಯ. ಆದ್ರೆ ದೊಡ್ಡಮ್ಮನ ಕೆಲಸ ಯಾರು ಮಾಡ್ತಾರೆ? ನಾಯಕಿ ಅದನ್ನೂ ಯೋಚನೆ ಮಾಡ್ಬೇಕಲ್ವಾ?"

ದೊಡ್ಡಮ್ಮ ಚೀಲ ಎದೆಗವಚಿಕೊಂಡು ನಿಂತೇ ಇದ್ದರು. ಫೋನ್ ಮತ್ತೆ ಹೊಡೆದುಕೊಂಡಿತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

"ನೀವೇ ಮಾಡಿ ಸಾರ್," ಎಂದೆ.

"ನಾನಾ?"

"ನಿಮಗೂ ಅಷ್ಟೇ ಅಂದಿದ್ರಲ್ಲ. ಇಸ್ತ್ರಿ ಬಿಸಿ ಇದೆ, ಬನ್ನಿ. ದೊಡ್ಡಮ್ಮ, ನೀವು ಹೊರಡಿ."

ಈ ಮಾತು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಗಾಬರಿ. ಅಷ್ಟರಲ್ಲಿ ದೊಡ್ಡಮ್ಮ ರಸ್ತೆ ದಾಟಿಯಾಗಿತ್ತು.

ಮಾಲೀಕರು ನಿಜಕ್ಕೂ ಇಸ್ತ್ರಿ ಹಿಡಿದರು. ಒಂದು ಸುಕ್ಕು ತೆಗೆಯಲು ಹೋಗಿ ಮೂರು ಮಾಡಿದರು. ಅವರು ಮುಗಿಸಿದ ಒಂದೊಂದಕ್ಕೂ ನಾನು ಮತ್ತೆ ನೀರು ಚಿಮುಕಿಸಿ ಉಜ್ಜಬೇಕಾಯಿತು. ಬಾಯಿಗಂತೂ ಬಿಡುವಿಲ್ಲ. "ಈಗ ನೀನು ಮಾಡಿದ್ದಕ್ಕೆ ತರಬೇತೀಲಿ ಒಂದು ಹೆಸರಿದೆ. ಕೆಲಸ ಹಂಚುವ ನಾಯಕತ್ವ ಅಂತ."

"ಸಾರ್, ಅಂಚು ಸುಡ್ತಿದೆ."

ಸಂಜೆ ಹೋಟೆಲಿಗೆ ಗಾಡಿ ಹೊರಟ ಮೇಲೆ ದೊಡ್ಡಮ್ಮನ ಫೋನ್ ಬಂತು. ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತಂತೆ. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರಂತೆ.

ಮಾಲೀಕರು ಚಪ್ಪಾಳೆ ತಟ್ಟಿದರು. "ನೋಡಿದ್ರಾ, ನನ್ನ ತರಬೇತಿಯ ಫಲ. ನಾಳೆ ಎಲ್ಲರೂ ಬೇಗ ಬನ್ನಿ, ಇದರ ಬಗ್ಗೆ ಚರ್ಚೆ ಮಾಡೋಣ."

"ನಾಳೆ ನಾಯಕ ನಾನು ಸಾರ್," ಎಂದ ಒಗೆಯುವ ಅಣ್ಣ, ಚಪ್ಪಲಿ ಮೆಟ್ಟುತ್ತ. "ಯಾರೂ ಬೇಗ ಬರಲ್ಲ."